ಕೂಸಿನ ಬೆನ್ನ ಮೇಲಿನ ಕಪ್ಪು ಮಚ್ಚೆ

ಮೈಸೂರಿನಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆ ಅವರದು. ಮಗಳು ಚೊಚ್ಚಲ ಹೆರಿಗೆಗೆಂದು ತಿಪಟೂರಿನ ಕಡೆಯ ಅತ್ತೆಮನೆಯಿಂದ ತವರಿಗೆ ಬಂದಿದ್ದಳು. 2020ರ ಫೆಬ್ರವರಿ ಕೊನೆಯ ವಾರದಲ್ಲಿ ಹೆಣ್ಣುಕೂಸು ಹುಟ್ಟಿತು. ಹೆರಿಗೆ ಸುಸೂತ್ರವಾಯಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ಆದರೆ ನೋಡಲು ಹೋದವರಿಗೆ ಕಂಡದ್ದು ಮಗುವಿನ ಮುಖ ಮಾತ್ರ. ಕುತ್ತಿಗೆಯವರೆಗೆ ಬಟ್ಟೆ ಸುತ್ತಿ, ಅಜ್ಜಿ ತಾನೇ ಎತ್ತಿ ತೋರಿಸಿ, ತಾನೇ ತೊಟ್ಟಿಲಿಗೆ ಹಾಕುತ್ತಿದ್ದಳು. ಎತ್ತಿಕೊಳ್ಳಲು ಕೈ ಚಾಚಿದವರಿಗೆ, “ಈಗಷ್ಟೇ ಹಾಲು ಕುಡಿದಿದೆ, ಕಕ್ಕಿಬಿಡುತ್ತದೆ” ಎಂಬ ನೆಪ.

ಹನ್ನೊಂದನೆಯ ದಿನ ಲಿಂಗಧಾರಣೆಗೆಂದು ಬಂದ ಅಯ್ಯನವರು ಮಾತ್ರ ಮಗುವಿನ ಬೆನ್ನನ್ನು ಕಂಡರು. ಕತ್ತಿನ ಬುಡದಿಂದ ಸೊಂಟದ ಸಮೀಪದವರೆಗೆ ಕಡುಗಪ್ಪಾದ ಮಚ್ಚೆ. ಅದರ ಮೇಲೆ ಎಳೆಯ ರೋಮ. ತೊಡೆ, ತೋಳುಗಳ ಮೇಲೆ ಅಲ್ಲಲ್ಲಿ ಹೆಸರುಕಾಳಿನಷ್ಟು ಸಣ್ಣ ಸಣ್ಣ ಕಲೆಗಳು. ಇದು ದೋಷವೇ, ಶಾಂತಿ ಮಾಡಿಸಬೇಕೇ ಎಂದು ಅಜ್ಜಿ ಕೇಳಿದಳಂತೆ. ಅಯ್ಯನವರು ಅದಕ್ಕೆ ಉತ್ತರಿಸದೆ, “ಡಾಕ್ಟರಿಗೆ ತೋರಿಸಿದಿರಾ?” ಎಂದಷ್ಟೇ ಕೇಳಿದರಂತೆ. “ತೋರಿಸಿದ್ದೇವೆ” ಎಂದಳು ಅಜ್ಜಿ. ಅದು ಸುಳ್ಳು. ಹೆರಿಗೆ ಮಾಡಿಸಿದ ವೈದ್ಯರು, ಚರ್ಮರೋಗ ತಜ್ಞರಿಗೂ ಮಕ್ಕಳ ತಜ್ಞರಿಗೂ ತೋರಿಸಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಆ ಚೀಟಿ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು.

ಇಷ್ಟನ್ನೂ ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾರೆ, ಬೇಕಾಗಿಯೂ ಇಲ್ಲ. ಬೆನ್ನಿನ ಮಚ್ಚೆಯನ್ನು ಬೀಗರಿಂದ ಬಚ್ಚಿಡಲು ಹೋಗಿ, ವೈದ್ಯರಿಂದಲೂ ಬಚ್ಚಿಟ್ಟ ಮನೆ ಅದೊಂದೇ ಅಲ್ಲವಲ್ಲ!

ಆ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದಿತು. ಬೀಗರು ತಿಪಟೂರಿನಲ್ಲಿಯೇ ಉಳಿದರು. ಮೊಮ್ಮಗಳನ್ನು ಮೊಬೈಲಿನ ಪರದೆಯಲ್ಲಿ ಕಂಡು ಸಂತೋಷಪಟ್ಟರು. ನಾಮಕರಣ ಮುಂದಕ್ಕೆ ಹೋಯಿತು. ಎರೆಯುವ ಮುದುಕಿಯೂ ಬರುವಂತಿರಲಿಲ್ಲ. ಲಸಿಕೆಗೆ ಕರೆದೊಯ್ದಾಗ ಚುಚ್ಚುಮದ್ದು ತೊಡೆಗೆ. ಬೆನ್ನನ್ನು ನೋಡುವವರು ಯಾರು? ಊರಿಗೆಲ್ಲ ಸಂಕಟ ತಂದ ಆ ದಿನಗಳು ತನಗೊಂದು ಮರೆಯಾದವೆಂದು ಅಜ್ಜಿ ಈಗ ಹೇಳಿಕೊಂಡು ನಿಟ್ಟುಸಿರಿಡುತ್ತಾಳೆ.

ಆಗಸ್ಟಿನ ಒಂದು ಸಂಜೆ, “ಅಕ್ಕಾ, ಒಂದು ಗಳಿಗೆ ಬಂದು ಹೋಗಿ” ಎಂದು ನನಗೆ ಕರೆ ಬಂದಿತು. ಹೋಗಿ ನೋಡಿದರೆ ಮಗುವಿನ ಬೆನ್ನು ಹಸಿಗಾಯ. ಯಾರೋ ದೂರದ ನೆಂಟರು ಸುಣ್ಣ, ಅರಿಶಿನ ಕಲಸಿ ಹಚ್ಚಿದರೆ ಮಚ್ಚೆ ತಿಳಿಯಾಗುವುದೆಂದು ಫೋನಿನಲ್ಲಿ ಹೇಳಿದ್ದರಂತೆ. ಮೂರು ದಿನ ಹಚ್ಚಿದ್ದರು. ಮಗು ಅಳುತ್ತಿತ್ತು; ತಾಯಿ ಅಳುವುದನ್ನೂ ನಿಲ್ಲಿಸಿ ಗೋಡೆ ನೋಡುತ್ತ ಕುಳಿತಿದ್ದಳು. ಮರುದಿನ ಬೆಳಿಗ್ಗೆ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಮುಂದೆ ನಾನು ಕೇಳಿ ತಿಳಿದದ್ದನ್ನು, ಓದಿ ತಿಳಿದದ್ದನ್ನು ನಮ್ಮ ಮಾಸಿಕದ ತಾಯಂದಿರಿಗೆ, ಅದಕ್ಕಿಂತ ಮುಖ್ಯವಾಗಿ ಅಜ್ಜಿಯರಿಗೆ, ಹೇಳಬೇಕೆನಿಸಿ ಈ ಬರಹ.

ಎಲ್ಲ ಮಚ್ಚೆಯೂ ಒಂದೇ ಅಲ್ಲ

ಮೊದಲಿಗೆ ಒಂದು ಸಮಾಧಾನದ ಮಾತು. ನಮ್ಮ ನಾಡಿನ ಹಸುಗೂಸುಗಳಲ್ಲಿ ಬಹುಮಟ್ಟಿಗೆ ಕಾಣುವ ದೊಡ್ಡ ಕಲೆ ಕಪ್ಪಲ್ಲ, ನೀಲಿ. ಕುಂಡಿಯ ಮೇಲೆ, ಸೊಂಟದ ಕೆಳಗೆ, ಕೆಲವೊಮ್ಮೆ ಭುಜದವರೆಗೂ ಮೋಡ ಕವಿದಂತೆ ಬೂದು ನೀಲಿಯ ಛಾಯೆ. ಮುಟ್ಟಿದರೆ ಉಬ್ಬಿಲ್ಲ, ರೋಮವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಮೇಲ್ಪದರಕ್ಕೆ ಬರದೆ ಆಳದಲ್ಲಿಯೇ ಉಳಿದಾಗ, ಬೆಳಕು ಚದುರಿ, ಕಪ್ಪು ವರ್ಣವೇ ನಮ್ಮ ಕಣ್ಣಿಗೆ ನೀಲಿಯಾಗಿ ತೋರುತ್ತದೆ. ಜಪಾನಿನಲ್ಲಿ ವೈದ್ಯನಾಗಿದ್ದ ಜರ್ಮನಿಯ ಎರ್ವಿನ್ ಬೆಲ್ಜ್ 1885ರಲ್ಲಿ ಇದಕ್ಕೆ ‘ಮಂಗೋಲಿಯನ್ ಕಲೆ’ ಎಂದು ಹೆಸರಿಟ್ಟ. ಒಂದು ಜನಾಂಗಕ್ಕೆ ಅಂಟಿಸಿದ ಆ ಹೆಸರನ್ನು ಇಂದಿನ ವೈದ್ಯರು ಕೈಬಿಡುತ್ತಿದ್ದಾರೆ. ಏಷ್ಯಾ, ಆಫ್ರಿಕಾಗಳ ಕೂಸುಗಳಲ್ಲಿ ಇದು ಅತಿ ಸಾಮಾನ್ಯ; ಸಾಮಾನ್ಯವಾಗಿ ಶಾಲೆಗೆ ಸೇರುವ ವಯಸ್ಸಿನೊಳಗೆ ತಾನಾಗಿಯೇ ಮಾಸುತ್ತದೆ. ಮದ್ದು ಬೇಡ, ಚಿಂತೆಯೂ ಬೇಡ. ಮೈಯ ತುಂಬ ಹರಡಿಕೊಂಡು, ದಿನ ಕಳೆದಂತೆ ಮಾಸದೆ ಗಾಢವಾಗುತ್ತ ಹೋದರೆ ಮಾತ್ರ ವೈದ್ಯರ ಗಮನಕ್ಕೆ ತರಬೇಕು. ಅಪರೂಪಕ್ಕೆ ಹುಟ್ಟಿನಿಂದ ಬರುವ ಕೆಲವು ಜೀವರಾಸಾಯನಿಕ ಕಾಯಿಲೆಗಳ ಸುಳಿವು ಅದಾಗಿರಬಹುದು.

ಮಕ್ಕಳು ಹೊರದೇಶದಲ್ಲಿರುವ ಕುಟುಂಬಗಳಿಗೆ ಇಲ್ಲಿ ಒಂದು ಕಿವಿಮಾತು. ಈ ನೀಲಿ ಕಲೆಯನ್ನು ಕಂಡರಿಯದ ದಾದಿಯರು, ಶಿಶುವಿಹಾರದವರು ಅದನ್ನು ಪೆಟ್ಟಿನ ಬಾವೆಂದು ತಿಳಿದು ಹೆತ್ತವರನ್ನು ಶಂಕಿಸಿದ್ದುಂಟು. ಮಗು ಹುಟ್ಟಿದಾಗಲೇ ಆಸ್ಪತ್ರೆಯ ದಾಖಲೆಯಲ್ಲಿ ಕಲೆಯ ವಿವರವನ್ನು ಬರೆಯಿಸಿಕೊಂಡರೆ ಆ ತಾಪತ್ರಯವಿಲ್ಲ.

ಹಾಲು ಹೆಚ್ಚಾದ ಕಾಫಿಯ ಬಣ್ಣದ, ಅಂಚು ಸ್ಪಷ್ಟವಾದ ಚಪ್ಪಟೆ ಕಲೆಗಳು ಇನ್ನೊಂದು ಬಗೆ. ಒಂದೆರಡು ಇದ್ದರೆ ಲೆಕ್ಕಕ್ಕಿಲ್ಲ. ಎಳೆಯ ಮಗುವಿನಲ್ಲಿ ಅರ್ಧ ಸೆಂಟಿಮೀಟರಿಗಿಂತ ದೊಡ್ಡವು ಆರು ಅಥವಾ ಹೆಚ್ಚು ಇದ್ದರೆ ನರಗಳಿಗೆ ಸಂಬಂಧಿಸಿದ ನ್ಯೂರೋಫೈಬ್ರೊಮಾಟೋಸಿಸ್ ಎಂಬ ಕಾಯಿಲೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಕಣ್ಣಿನ ಸುತ್ತ ನೀಲಿಗಪ್ಪು ಹರಡಿದ್ದರೆ ಕಣ್ಣಿನ ಒಳಒತ್ತಡವನ್ನು ನೋಡಿಸಬೇಕು. ಕೆಂಪು ಮಚ್ಚೆಗಳದು ಬೇರೆಯೇ ಕಥೆ. ಅವು ರಕ್ತನಾಳಗಳಿಂದ ಆದವು, ಇಲ್ಲಿ ಬೇಡ.

ನಾಲ್ಕನೆಯ ಮನೆಯ ಕೂಸಿನ ಬೆನ್ನಿನಲ್ಲಿದ್ದುದು ಇವಾವುವೂ ಅಲ್ಲ. ವೈದ್ಯರು ಅದನ್ನು ಕಂಜೆನಿಟಲ್ ಮೆಲನೋಸಿಟಿಕ್ ನೀವಸ್ ಎನ್ನುತ್ತಾರೆ. ನಾವು ಕಪ್ಪು ಹುಟ್ಟುಮಚ್ಚೆ ಎನ್ನೋಣ. ಸಣ್ಣದಾದರೆ ಇದೂ ಅಪರೂಪವಲ್ಲ, ನೂರು ಕೂಸುಗಳಲ್ಲಿ ಒಂದಕ್ಕೆ ಇರುತ್ತದೆ. ಆದರೆ ಬೆಳೆದ ಮೇಲೆ 20 ಸೆಂಟಿಮೀಟರನ್ನು ಮೀರುವಷ್ಟು ದೊಡ್ಡದು ಸುಮಾರು 20,000 ಕೂಸುಗಳಲ್ಲಿ ಒಂದಕ್ಕೆ ಮಾತ್ರ. ಬೆಳೆದ ಮೇಲೆ ಎಂದು ಹೇಳಲು ಕಾರಣವಿದೆ. ಮಚ್ಚೆ ಹರಡುವುದಿಲ್ಲ, ಮೈಯೊಡನೆ ಬೆಳೆಯುತ್ತದೆ. ತಲೆ ಹುಟ್ಟುವಾಗಲೇ ದೊಡ್ಡದಾದ್ದರಿಂದ ಅಲ್ಲಿಯ ಮಚ್ಚೆ ಎರಡು ಪಟ್ಟನ್ನೂ ಮುಟ್ಟುವುದಿಲ್ಲ; ಬೆನ್ನು, ಹೊಟ್ಟೆಯ ಮೇಲಿನದು ಮೂರು ಪಟ್ಟಿನ ಹತ್ತಿರ ಬರುತ್ತದೆ; ಕಾಲಿನದು ಇನ್ನೂ ತುಸು ಹೆಚ್ಚು. ಈ ಮಗುವಿನ ಮಚ್ಚೆ ಹುಟ್ಟುವಾಗ 14 ಸೆಂಟಿಮೀಟರ್ ಉದ್ದವಿತ್ತು. ಹೆಣ್ಣಾಳಾಗಿ ನಿಂತಾಗ 40ರ ಆಸುಪಾಸು ಆಗಲಿದೆ. ಚಡ್ಡಿ ತೊಟ್ಟಂತೆ ಸೊಂಟವನ್ನು ಪೂರ್ತಿ ಸುತ್ತಿಕೊಂಡ ಮಚ್ಚೆಗಳೂ, ಮೇಲಂಗಿಯಂತೆ ಹೆಗಲನ್ನು ಹೊದ್ದ ಮಚ್ಚೆಗಳೂ ಇವೆ.

ತಾಯಿಯ ತಲೆಗೆ ಕಟ್ಟಿದ ಗ್ರಹಣ

ತಿಪಟೂರಿನ ಅತ್ತೆಗೆ ವಿಷಯ ತಿಳಿದಾಗ ಆಕೆ ಕೂಗಾಡಲಿಲ್ಲ. ಲೆಕ್ಕ ಹಾಕಿದರು. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ. ಮಂಗಳೂರು, ಕೊಡಗುಗಳ ಮೇಲೆ ಕಂಕಣವಾಗಿ ಹಾದುಹೋದ ಆ ಗ್ರಹಣ ಮೈಸೂರಿನಲ್ಲಿಯೂ ಸೂರ್ಯನನ್ನು ಬಹುಪಾಲು ಮುಚ್ಚಿತ್ತು. ಆಗ ಸೊಸೆಗೆ ಎಂಟನೆಯ ತಿಂಗಳು. ಒಳಗೆ ಮಲಗಬೇಕೆಂದು ಫೋನು ಮಾಡಿ ಹೇಳಿದ್ದರೂ, ಸೊಂಟನೋವೆಂದು ಬೆನ್ನಿಗೆ ಕೈಯೊತ್ತಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಿಟ್ಟ ಕಡೆಯಲ್ಲಿಯೇ ಮಚ್ಚೆ! ಇದಕ್ಕಿಂತ ಸಾಕ್ಷಿ ಬೇಕೇ? ವಿಚಿತ್ರವೆಂದರೆ ಸೊಸೆಯೂ ಅದನ್ನೇ ನಂಬಿದ್ದಳು. ಐದು ತಿಂಗಳ ಕಾಲ ಯಾರೂ ಹೊರಿಸುವ ಮೊದಲೇ ತನ್ನ ತಪ್ಪೆಂದು ತಾನೇ ಹೊತ್ತುಕೊಂಡಿದ್ದಳು.

ಈ ಮಚ್ಚೆಯ ಹುಟ್ಟಿನ ಕಥೆಯೇ ಬೇರೆ. ಗರ್ಭ ನಿಂತ ಮೊದಲ ವಾರಗಳಲ್ಲಿ ಭ್ರೂಣದ ಬೆನ್ನಗುಂಟ, ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವ ನಾಳದ ಅಂಚಿನಿಂದ, ಕೆಲವು ಕೋಶಗಳು ಪ್ರಯಾಣ ಹೊರಡುತ್ತವೆ. ಅವುಗಳಲ್ಲಿ ಒಂದು ಪಾಲು ಚರ್ಮವನ್ನು ಸೇರಿ, ಮೈಗೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಾಗುತ್ತವೆ. ಹೊರಡುವಾಗಲೋ ದಾರಿಯಲ್ಲಿಯೋ ಇವುಗಳಲ್ಲಿ ಒಂದೇ ಒಂದು ಕೋಶದ ವಂಶವಾಹಿಯಲ್ಲಿ ಒಂದಕ್ಷರದ ತಪ್ಪಾದರೆ ಸಾಕು. ನಿಲ್ಲು ಎಂಬ ಸಂಜ್ಞೆ ಕೇಳದ ಆ ಕೋಶ ಒಂದೇ ಸಮನೆ ಇಬ್ಭಾಗವಾಗುತ್ತ ತನ್ನಂತಹವನ್ನೇ ಹೆಚ್ಚಿಸುತ್ತ ಹೋಗುತ್ತದೆ. ಲಂಡನ್ನಿನ ವೆರೊನಿಕಾ ಕಿನ್ಸ್ಲರ್ ಮತ್ತು ಅವರ ಸಂಗಡಿಗರು 2013ರಲ್ಲಿ ಈ ತಪ್ಪು ಹೆಚ್ಚಿನ ಮಕ್ಕಳಲ್ಲಿ ಎನ್‌ಆರ್‌ಎಎಸ್ ಎಂಬ ವಂಶವಾಹಿಯ ಒಂದೇ ಜಾಗದಲ್ಲಿ ಆಗಿರುವುದನ್ನು ತೋರಿಸಿಕೊಟ್ಟರು. ಮಚ್ಚೆಯ ಕೋಶಗಳಲ್ಲಿ ಆ ತಪ್ಪು ಇರುತ್ತದೆ, ಮಗುವಿನ ರಕ್ತದಲ್ಲಿ ಇರುವುದಿಲ್ಲ. ತಾಯಿಯಲ್ಲಿ ಇಲ್ಲ, ತಂದೆಯಲ್ಲಿಯೂ ಇಲ್ಲ. ಅಂದಮೇಲೆ ಇದು ವಂಶದಲ್ಲಿ ಇಳಿದುಬಂದದ್ದಲ್ಲ. ಮುಂದಿನ ಮಗುವಿಗೂ ಹೀಗೆಯೇ ಆದೀತೆಂಬ ಭಯಕ್ಕೆ ಆಧಾರವಿಲ್ಲ.

ಈ ಮಚ್ಚೆಗಳು ರೂಪುಗೊಳ್ಳುವುದು ಗರ್ಭದ ಐದನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದೊಳಗೆ. ಆರು ತಿಂಗಳು ತುಂಬುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಎಂಟನೆಯ ತಿಂಗಳಲ್ಲಿ ಗ್ರಹಣ ಹಿಡಿದ ಬೆಳಿಗ್ಗೆ ಆ ಹುಡುಗಿ ಬೆನ್ನಿಗೆ ಕೈಯಿಟ್ಟಾಗ, ಒಳಗಿನ ಕೂಸಿನ ಬೆನ್ನಿನ ಮೇಲೆ ಮಚ್ಚೆ ಆಗಲೇ ಇತ್ತು! ಈ ಒಂದು ಲೆಕ್ಕವನ್ನು ವೈದ್ಯೆ ಕಾಗದದ ಮೇಲೆ ಬರೆದು ತೋರಿಸಿದಾಗ ಆಕೆ ಬಹಳ ಹೊತ್ತು ಆ ಕಾಗದವನ್ನು ಕೈಯಲ್ಲಿಯೇ ಹಿಡಿದಿದ್ದಳು.

ತಾಯಿಯನ್ನು ದೂರುವುದರಲ್ಲಿ ನಾವು ಒಬ್ಬಂಟಿಗರಲ್ಲ. ಜರ್ಮನರು ಹುಟ್ಟುಮಚ್ಚೆಗೆ ತಾಯಿಯ ಗುರುತು ಎನ್ನುತ್ತಾರೆ, ಡಚ್ಚರು ತಾಯಿಯ ಕಲೆ ಎನ್ನುತ್ತಾರೆ. ಇಟಲಿ, ಸ್ಪೇನ್ ದೇಶಗಳ ಮಾತಿನಲ್ಲಿ ಮಚ್ಚೆಗೆ ಇರುವ ಪದದ ಅರ್ಥ ಬಯಕೆ. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಮೈಮೇಲೆ ಅದರ ಗುರುತು ಮೂಡುತ್ತದೆಂಬ ನಂಬಿಕೆ ಅಲ್ಲಿಯದು. ಸಮುದ್ರ ದಾಟಿದರೂ ಅಪವಾದ ಮಾತ್ರ ಹೆಂಗಸಿನ ಮೇಲೆಯೇ. ಜನನಸೂತಕವೂ ಸೇರಿದಂತೆ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಹೆಸರು ಹೇಳುವ ಮನೆಗಳಲ್ಲಿ ಗ್ರಹಣದ ಲೆಕ್ಕ ನಡೆಯುವುದು ಮಾತ್ರ ನನಗೆ ಹೆಚ್ಚು ನೋವಿನ ಸಂಗತಿ. ಕೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟನ್ನು ಅಕ್ಕರೆಯಿಂದ ಇಡುವ ಕೈಯೇ ಹುಟ್ಟಿನಿಂದ ಬಂದ ಕಪ್ಪನ್ನು ಕಂಡು ಹಿಂದೆ ಸರಿಯುತ್ತದೆ.

ಮೊದಲ ಆರು ತಿಂಗಳು

ದೊಡ್ಡ ಕಪ್ಪು ಮಚ್ಚೆಯ ವಿಷಯದಲ್ಲಿ ಮನೆಯವರು ಅರಿತಿರಲೇಬೇಕಾದ ಸಂಗತಿ ಒಂದಿದೆ. ಮೆಲನೋಸೈಟುಗಳೂ ನರಮಂಡಲವೂ ಹುಟ್ಟುವ ತಾಣ ಒಂದೇ ಎಂದು ಮೇಲೆ ಹೇಳಿದೆನಷ್ಟೆ. ತಪ್ಪು ಬಹಳ ಮೊದಲೇ ಆಗಿದ್ದರೆ ಅಂತಹ ಕಪ್ಪು ಕೋಶಗಳು ಚರ್ಮದಲ್ಲಿ ಮಾತ್ರವಲ್ಲದೆ ಮೆದುಳಿನಲ್ಲಿ, ಮೆದುಳಿನ ಹೊದಿಕೆಯಲ್ಲಿ, ಬೆನ್ನುಹುರಿಯಲ್ಲಿಯೂ ನೆಲೆಸಿರಬಹುದು. 1861ರಲ್ಲಿಯೇ ವಿಯೆನ್ನಾದ ರೊಕಿಟಾನ್ಸ್ಕಿ ಇದನ್ನು ವರ್ಣಿಸಿದ್ದಾನೆ. ದೊಡ್ಡ ಮಚ್ಚೆಯಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಹೀಗಿರುವುದಿಲ್ಲ. ಇರುವವರಲ್ಲಿಯೂ ಅನೇಕರಿಗೆ ಯಾವ ತೊಂದರೆಯೂ ಕಾಣದೆ ಹೋಗಬಹುದು. ಆದರೆ ಕೆಲವರಲ್ಲಿ ಸೆಳವು ಬರುತ್ತದೆ, ಮೆದುಳಿನ ನೀರು ಹರಿಯುವ ದಾರಿ ಕಟ್ಟಿಕೊಂಡು ತಲೆ ದೊಡ್ಡದಾಗುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ. ಮಚ್ಚೆ ತುಂಬ ದೊಡ್ಡದಿದ್ದು ಬೆನ್ನಿನ ನಡುವೆ ಅಥವಾ ತಲೆಯ ಮೇಲೆ ಇದ್ದರೆ, ಜೊತೆಗೆ ಮೈಮೇಲೆ ಸಣ್ಣ ಮಚ್ಚೆಗಳು ಹಲವಿದ್ದರೆ, ಈ ಸಂಭವ ಹೆಚ್ಚು.

ಇದನ್ನು ಕಾಣಿಸಿಕೊಡುವುದು ಎಂ.ಆರ್.ಐ. ಪರೀಕ್ಷೆ. ಅದಕ್ಕೆ ಒಂದು ಕಾಲವಿದೆ. ಹುಟ್ಟಿದ ಮಗುವಿನ ಮೆದುಳಿನಲ್ಲಿ ನರತಂತುಗಳಿಗೆ ಇನ್ನೂ ಕೊಬ್ಬಿನ ಬಿಳಿಯ ಪೊರೆ ಕಟ್ಟಿರುವುದಿಲ್ಲ. ಆಗ ಕಪ್ಪು ಕೋಶಗಳ ನೆಲೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ತಿಂಗಳು ಕಳೆದಂತೆ ಪೊರೆ ಕಟ್ಟುತ್ತ ಬಂದು ಅವನ್ನು ಮರೆಮಾಡುತ್ತದೆ. ಆದಕಾರಣ ನಾಲ್ಕು ತಿಂಗಳೊಳಗೆ, ತಡವೆಂದರೆ ಆರು ತಿಂಗಳೊಳಗೆ ಪರೀಕ್ಷೆಯಾಗಬೇಕೆನ್ನುತ್ತಾರೆ. ಒಂದೇ ಒಂದು ಸಣ್ಣ ಮಚ್ಚೆಯಿರುವ ಮಗುವಿಗೆ ಇದು ಬೇಕಿಲ್ಲ. ದೊಡ್ಡದಿದ್ದರೆ, ಅಥವಾ ಹುಟ್ಟುವಾಗಲೇ ಎರಡು ಅಥವಾ ಹೆಚ್ಚು ಇದ್ದರೆ, ತಜ್ಞರನ್ನು ಕೇಳಿಯೇ ತೀರಬೇಕು.

ನಾವು ಹೋದಾಗ ಮಗುವಿಗೆ ಐದೂವರೆ ತಿಂಗಳು. ಬೆನ್ನಿನ ಗಾಯ ಮಾಯಲು ಮೂರು ವಾರ ಬೇಕಾಯಿತು. ಸಾಂಕ್ರಾಮಿಕದ ಗದ್ದಲ ಬೇರೆ. ಎಳೆಗೂಸನ್ನು ಮಲಗಿಸಿ ಮಾಡುವ ಪರೀಕ್ಷೆಗೆ ಸರದಿ ಸಿಕ್ಕಿದ್ದು ಅಕ್ಟೋಬರಿನಲ್ಲಿ, ಏಳೂವರೆ ತಿಂಗಳು ಆದಮೇಲೆ. ವರದಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು: “ಇಲ್ಲವೆಂದು ನಾನು ಪೂರ್ತಿ ಹೇಳಲಾರೆ. ನಾಲ್ಕು ತಿಂಗಳ ಮಗುವಾಗಿದ್ದರೆ ಹೇಳುತ್ತಿದ್ದೆ.” ಆ ಒಂದು ವಾಕ್ಯದ ಭಾರ ಎಷ್ಟೆಂಬುದನ್ನು ಆ ತಾಯಿಯನ್ನು ಕೇಳಬೇಕು. ಎರಡು ವರ್ಷ ತುಂಬುವವರೆಗೆ ಮಗು ಒಮ್ಮೆ ವಾಂತಿ ಮಾಡಿದರೂ, ಜ್ವರದಲ್ಲಿ ಒಂದಿಷ್ಟು ಮಂಕಾದರೂ ಅವಳಿಗೆ ನಿದ್ರೆಯಿರಲಿಲ್ಲ.

ಮೈಸೂರಿನ ಸುತ್ತಮುತ್ತಲಿನವರಿಗೆ ವೈದ್ಯರು ದೂರವಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ತಾಯಿ ಮಕ್ಕಳಿಗೆಂದೇ ಇದೆ. ಅದರ ನೆರೆಯಲ್ಲಿಯೇ ಕೃಷ್ಣರಾಜೇಂದ್ರ ಆಸ್ಪತ್ರೆ. ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1984ರಲ್ಲಿ ಪ್ರಾರಂಭವಾದ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ನಗರದ ನಡುವೆಯೇ ಇದೆ. ನರಮಂಡಲದ ತೊಡಕು ಕಂಡರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕೊರತೆ ಆಸ್ಪತ್ರೆಯದಲ್ಲ, ಮಗುವಿನ ಬಟ್ಟೆ ಬಿಚ್ಚಿ ತೋರಿಸುವ ಮನಸ್ಸಿನದು.

ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚುವುದು, ನೆತ್ತಿ ಉಬ್ಬುವುದು, ಬಿಡದ ವಾಂತಿ, ಸೆಳವು, ದೃಷ್ಟಿ ಕೆಳಕ್ಕೆ ಜಾರಿದಂತೆ ತೋರುವುದು, ವಿಪರೀತ ಮಂಪರು, ಕೂರುವ ನಡೆಯುವ ಕಾಲದಲ್ಲಿ ಹಿಂದೆ ಬೀಳುವುದು ಇವುಗಳಲ್ಲಿ ಯಾವುದೇ ಕಂಡರೂ ನಾಳೆ ಎನ್ನದೆ ಹೊರಡಬೇಕು.

ಅರ್ಬುದದ ಭಯ

ಕಪ್ಪು ಮಚ್ಚೆ ಎಂದೊಡನೆ ಯಾರಾದರೊಬ್ಬರು ಕ್ಯಾನ್ಸರ್ ಎಂದೇ ಎನ್ನುತ್ತಾರೆ. ಈ ಭಯ ಪೂರ್ತಿ ಸುಳ್ಳಲ್ಲ; ಪೂರ್ತಿ ನಿಜವೂ ಅಲ್ಲ. ಹಳೆಯ ವೈದ್ಯಗ್ರಂಥಗಳು ಹೇಳುತ್ತಿದ್ದ ಅಂಕಿಗಳು ಬೆಚ್ಚಿಬೀಳಿಸುವಂತಿದ್ದವು, ಏಕೆಂದರೆ ಆಗ ದೊಡ್ಡಾಸ್ಪತ್ರೆಗಳಿಗೆ ಬರುತ್ತಿದ್ದವರು ಕಾಯಿಲೆ ಉಲ್ಬಣಿಸಿದವರೇ. ಜರ್ಮನಿಯ ಕ್ರೆಂಗೆಲ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹುಟ್ಟುಮಚ್ಚೆಯಿದ್ದ 6571 ಮಂದಿಯಲ್ಲಿ ಮೆಲನೋಮ ಎಂಬ ಚರ್ಮದ ಅರ್ಬುದ ಕಂಡದ್ದು 46 ಮಂದಿಯಲ್ಲಿ. ಎಂದರೆ ನೂರಕ್ಕೆ ಒಂದಕ್ಕೂ ಕಡಿಮೆ. ಸಣ್ಣ ಮಚ್ಚೆಗಳಲ್ಲಿ ಅಪಾಯ ತೀರ ಅತ್ಯಲ್ಪ. ಬಹಳ ದೊಡ್ಡವುಗಳಲ್ಲಿ ನೂರಕ್ಕೆ ಎರಡರಿಂದ ಐದು ಎಂಬ ಅಂದಾಜಿದೆ, ಅದರಲ್ಲಿಯೂ ಹೆಚ್ಚಿನ ಪಾಲು ಎಳವೆಯಲ್ಲಿಯೇ. ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಬಾರದ ಕಾಯಿಲೆಗಾಗಿ ನೂರು ಮನೆಗಳೂ ಪ್ರತಿದಿನ ಸಾಯಬೇಕಾಗಿಲ್ಲ, ಕಣ್ಣಿಟ್ಟಿರಬೇಕು, ಅಷ್ಟೆ.

ಕಣ್ಣಿಡುವುದೆಂದರೆ ಕಣ್ಣಿನಿಂದ ಮಾತ್ರವಲ್ಲ, ಬೆರಳಿನಿಂದಲೂ. ದೊಡ್ಡ ಮಚ್ಚೆಯಲ್ಲಿ ಅರ್ಬುದ ಆಳದಿಂದ ಏಳಬಹುದು. ಸ್ನಾನದ ಹೊತ್ತಿನಲ್ಲಿ ಮೆಲ್ಲಗೆ ಸವರಿ, ಹೊಸದಾಗಿ ಗಟ್ಟಿ ಗಂಟು ಬಂದಿದೆಯೇ, ಬೇಗ ಬೆಳೆಯುತ್ತಿದೆಯೇ, ರಕ್ತ ಒಸರುತ್ತಿದೆಯೇ, ಒಂದು ಕಡೆಯ ಬಣ್ಣ ಮಾತ್ರ ಬದಲಾಗಿದೆಯೇ ನೋಡಬೇಕು. ಎಳೆಯ ಮಕ್ಕಳ ಮಚ್ಚೆಯಲ್ಲಿ ಏಳುವ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಆದರೆ ಹಾಗೆಂದು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ. ಮಚ್ಚೆ ವರ್ಷಗಳು ಕಳೆದಂತೆ ತಾನಾಗಿಯೇ ತುಸು ತಿಳಿಯಾಗುವುದು, ಒರಟಾಗುವುದು, ಕೂದಲು ದಟ್ಟವಾಗುವುದು ಸಹಜ.

ಇನ್ನು ಶಸ್ತ್ರಕ್ರಿಯೆ. ತೆಗೆದುಹಾಕಿಬಿಟ್ಟರೆ ಅರ್ಬುದದ ಅಪಾಯವೂ ಹೋಯಿತೆಂಬುದು ಜನರ ನಂಬಿಕೆ. ಬಹಳ ದೊಡ್ಡ ಮಚ್ಚೆಯಲ್ಲಿ ಹಾಗೆ ಹೇಳಲಾಗದು. ಕೋಶಗಳು ಚರ್ಮದ ಕೆಳಗೂ ಇಳಿದಿರುತ್ತವೆ, ಪೂರ್ತಿ ತೆಗೆಯುವುದು ಸಾಧ್ಯವಾಗುವುದಿಲ್ಲ. ಆದ್ದರಿಂದ ಈಗಿನ ತಜ್ಞರು ಶಸ್ತ್ರಕ್ರಿಯೆಯನ್ನು ಮುಖ್ಯವಾಗಿ ರೂಪದ ಪ್ರಶ್ನೆಯೆಂದು ನೋಡುತ್ತಾರೆ. ಮುಖದ ಮೇಲಿನ ಮಚ್ಚೆ, ಮಡಿಕೆಗಳಲ್ಲಿ ಉಜ್ಜಿ ಹುಣ್ಣಾಗುವ ಮಚ್ಚೆ, ಇವಕ್ಕೆ ಅದರಿಂದ ಪ್ರಯೋಜನ ಹೆಚ್ಚು. ಸಣ್ಣದಾದರೆ ಕೊಯ್ದು ಹೊಲಿಯಬಹುದು. ದೊಡ್ಡದಾದರೆ ಹಲವು ಕಂತುಗಳಲ್ಲಿ ತೆಗೆಯುತ್ತಾರೆ. ಇನ್ನೊಂದು ಬಗೆಯಲ್ಲಿ, ಪಕ್ಕದ ಒಳ್ಳೆಯ ಚರ್ಮದಡಿಯಲ್ಲಿ ಸಿಲಿಕೋನಿನ ಚೀಲವೊಂದನ್ನಿಟ್ಟು, ವಾರ ವಾರವೂ ಉಪ್ಪುನೀರು ತುಂಬುತ್ತ ಬರುತ್ತಾರೆ. ಬಸುರಿಯ ಹೊಟ್ಟೆಯ ಮೇಲಿನ ಚರ್ಮ ಹಿಗ್ಗುವಂತೆ ಅಲ್ಲಿಯ ಚರ್ಮ ಹಿಗ್ಗುತ್ತದೆ. ಆ ಹೆಚ್ಚುವರಿ ಚರ್ಮವನ್ನು ಮಚ್ಚೆ ತೆಗೆದ ಜಾಗಕ್ಕೆ ಎಳೆದು ಹೊದಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ; ಮಗುವಿಗೂ ಮನೆಗೂ ಕಷ್ಟದ್ದೇ. ಕೊನೆಗೆ ಮಚ್ಚೆಯ ಜಾಗದಲ್ಲಿ ಗಾಯದ ಗುರುತು ಉಳಿಯುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಲೇಸರ್ ಕಿರಣ ಮೇಲಿನ ಕಪ್ಪನ್ನು ಒಂದಿಷ್ಟು ತಿಳಿಮಾಡೀತು, ಆಳಕ್ಕೆ ಇಳಿಯದು. ಕಪ್ಪು ಮರಳುವುದೂ ಉಂಟು. ಬೆನ್ನಿನ ಮೇಲಿನ ಮಚ್ಚೆಯನ್ನು ಹಾಗೆಯೇ ಬಿಡುವುದೂ ಒಂದು ಯೋಗ್ಯ ನಿರ್ಧಾರವೇ. ನಾಲ್ಕನೆಯ ಮನೆಯವರು ಅದನ್ನೇ ಆರಿಸಿಕೊಂಡರು. ದೊಡ್ಡವಳಾದ ಮೇಲೆ ಅವಳಿಗೇ ಬೇಕೆನಿಸಿದರೆ ಅವಳು ತೀರ್ಮಾನಿಸಲಿ ಎಂದರು ತಂದೆ. ನನಗೂ ಅದು ಸರಿಯೆಂದೇ ತೋರಿತು.

ದಿನನಿತ್ಯದ ಆರೈಕೆ ಕಠಿಣವೇನಲ್ಲ. ಆ ಚರ್ಮ ದಪ್ಪವಾಗಿ ತೋರಿದರೂ ಬಹು ನಾಜೂಕು. ಒಣಗುತ್ತದೆ, ನವೆಯಾಗುತ್ತದೆ, ತರಚಿದರೆ ಬೇಗ ಕಿತ್ತುಬರುತ್ತದೆ, ಬೆವರು ಅಲ್ಲಿ ಕಡಿಮೆ. ಆದ್ದರಿಂದ ಕುದಿಬಿಸಿ ನೀರನ್ನು ಎರಚುವ ನಮ್ಮ ಬಾಣಂತಿಕೋಣೆಯ ಪದ್ಧತಿ ಬೇಡ; ಬೆಚ್ಚನೆಯ ನೀರು ಸಾಕು. ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಬಾರದು. ಸ್ನಾನವಾದೊಡನೆ, ಮೈ ತುಸು ಹಸಿಯಿರುವಾಗಲೇ, ವೈದ್ಯರು ಹೇಳಿದ ಮುಲಾಮನ್ನು ಸವರಬೇಕು. ಬಟ್ಟೆ ಹತ್ತಿಯದು, ಸಡಿಲವಾದದ್ದು. ಒಳಹೊಲಿಗೆ ಮಚ್ಚೆಗೆ ಉಜ್ಜದಂತಿರಲಿ. ಬಿಸಿಲಿನಿಂದ ಮರೆ ಬೇಕು. ಕೂದಲನ್ನು ಕತ್ತರಿಯಿಂದ ತಗ್ಗಿಸಬಹುದು. ಸುಣ್ಣ, ಗೇರೆಣ್ಣೆ, ಬೆಳ್ಳುಳ್ಳಿ, ಕೊನೆಗೆ ಬರೆ ಹಾಕುವುದು, ಇವೆಲ್ಲ ಹಳ್ಳಿಯಲ್ಲಿ ಮಾತ್ರ ನಡೆಯುವುದೆಂದು ತಿಳಿಯಬೇಡಿ. ನಾನು ಕಂಡ ಸುಣ್ಣದ ಗಾಯ ಮೈಸೂರು ನಗರದ ಓದಿದವರ ಮನೆಯದು.

ಮಚ್ಚೆಯ ಫಲ ಹೇಳುವ ಪುಸ್ತಕಗಳು ಜಾತ್ರೆಗಳಲ್ಲಿ ಈಗಲೂ ಮಾರಾಟವಾಗುತ್ತವೆ. ಸಣ್ಣದಾದರೆ ಅದೃಷ್ಟ, ದೊಡ್ಡದಾದರೆ ಅನಿಷ್ಟ! ಹೆಣ್ಣುಮಗುವಾದರೆ ಅಜ್ಜಿಯರ ಮನಸ್ಸು ತೊಟ್ಟಿಲಿನಿಂದ ಒಮ್ಮೆಗೇ ಮದುವೆಯ ಹಸೆಗೆ ಹಾರುತ್ತದೆ. ಇಪ್ಪತ್ತೈದು ವರ್ಷಗಳ ನಂತರ ಯಾವ ಬೀಗರು ಏನೆಂದಾರು ಎಂಬ ಚಿಂತೆಯಲ್ಲಿ ಇಂದು ಆಗಬೇಕಾದ ಪರೀಕ್ಷೆ ತಪ್ಪುತ್ತದೆ. ಹೊರದೇಶಗಳಲ್ಲಿ ಇಂತಹ ಮಕ್ಕಳ ಹೆತ್ತವರೇ ಸೇರಿ ಸಂಘಗಳನ್ನು ಕಟ್ಟಿಕೊಂಡಿದ್ದಾರೆ, ಅಮೆರಿಕದ ನೀವಸ್ ಔಟ್‌ರೀಚ್, ಇಂಗ್ಲೆಂಡಿನ ಕೇರಿಂಗ್ ಮ್ಯಾಟರ್ಸ್ ನೌ ಮುಂತಾಗಿ. ಮಕ್ಕಳು ಒಂದೆಡೆ ಸೇರಿ, ತಮ್ಮಂತಹವರು ಇನ್ನೂ ಇದ್ದಾರೆಂಬುದನ್ನು ಕಣ್ಣಾರೆ ಕಾಣುತ್ತಾರೆ. ಮಕ್ಕಳು ಕೇಳಿದಾಗ ಹೇಳಬೇಕಾದ ಉತ್ತರವನ್ನು ಮನೆಯಲ್ಲಿಯೇ ಕಲಿಸಬೇಕೆಂಬುದು ಅವರ ಅನುಭವ. ಬಚ್ಚಿಡುವುದನ್ನು ಕಲಿತ ಮಗು ನಾಚಿಕೆಯನ್ನೂ ಅದರ ಜೊತೆಗೇ ಕಲಿಯುತ್ತದೆ.

ನಮ್ಮ ನಾಲ್ಕನೆಯ ಮನೆಯ ಹುಡುಗಿ ಈಗ ತಿಪಟೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಳೆ. ಬೇಸಿಗೆಯ ರಜೆಗೆ ಬಂದಾಗ ನಮ್ಮ ಮನೆಯ ಹಿತ್ತಿಲಿನಲ್ಲಿ ಆಡುತ್ತಾಳೆ. ಅಂಗಿಯ ಕುತ್ತಿಗೆಯಿಂದ ಮಚ್ಚೆಯ ಅಂಚು ಹೊರಗೆ ಕಾಣುತ್ತದೆ. ಕಳೆದ ವರ್ಷ ಪಕ್ಕದ ಮನೆಯ ಹುಡುಗ, “ಇದೇನು, ಸುಟ್ಟುಕೊಂಡೆಯಾ?” ಎಂದು ಕೇಳಿದ್ದಕ್ಕೆ, “ಇಲ್ಲಪ್ಪ, ಹುಟ್ಟುವಾಗಲೇ ಇತ್ತು. ಮುಟ್ಟಿದರೆ ಮೆತ್ತಗಿರುತ್ತೆ, ನೋಡು” ಎಂದು ಬೆನ್ನು ತಿರುಗಿಸಿ ನಿಂತಳು. ಅವನು ಒಮ್ಮೆ ಮುಟ್ಟಿ ನೋಡಿ, ಮತ್ತೆ ಚೆಂಡಿನ ಹಿಂದೆ ಓಡಿದ.

ವರ್ಷಕ್ಕೊಮ್ಮೆ ಹುಟ್ಟುಹಬ್ಬದ ದಿನ ಅವಳ ತಾಯಿ ಬೆನ್ನಿನ ಛಾಯಾಚಿತ್ರ ತೆಗೆದು, ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ತಪಾಸಣೆಗೆ ಹೋಗುವಾಗ ಅದನ್ನೇ ಒಯ್ಯುತ್ತಾಳೆ. ಐದು ತುಂಬಿದ ದಿನದ ಅಳತೆ 26 ಸೆಂಟಿಮೀಟರ್, ಹೊಸ ಗಂಟಿಲ್ಲ ಎಂದು ಬರೆದಿದೆ. ಅಂದು ಟೇಪಿನ ಇನ್ನೊಂದು ತುದಿ ಹಿಡಿದವರು ತಿಪಟೂರಿನ ಅಜ್ಜಿ.